ಹಳೇ ಕಾರಿನ ಇಂಡಿಕೇಟರ್ ಸ್ವಿಚ್: ರಿಪೇರಿನಾ, ಹೊಸದಾ?

ಪದ್ಮಿನಿ, ಅಂಬಾಸಿಡರ್‌ನಂಥ ಕಾರಿನಲ್ಲಿ ಇಂಡಿಕೇಟರ್ ಕೈಕೊಟ್ಟರೆ ತಕ್ಷಣ ಸ್ಟೇರಿಂಗ್ ಬಿಚ್ಚಿಸಬೇಡಿ. ಒಂದು ಬದಿ ಸರಿಯಿದ್ದು ಇನ್ನೊಂದು ಮಿನುಗದಿದ್ದರೆ ಮೊದಲು ಆ ಬದಿಯ ಬಲ್ಬ್, ಅರ್ಥಿಂಗ್ ನೋಡಿ. ಎರಡೂ ಸತ್ತಿದ್ದರೆ ಫ್ಯೂಸ್, ದೀಪ ಮಿನುಗಿಸುವ ಫ್ಲಾಷರ್. ಸ್ವಿಚ್ ಸರದಿ ಆಮೇಲೆ.

ಸ್ವಿಚ್ಚಿನೊಳಗೆ ಕರೆಂಟ್ ದಾಟಿಸುವ ಕಾಂಟ್ಯಾಕ್ಟ್ ಬರೀ ಕಪ್ಪಾಗಿದ್ದರೆ ರಿಪೇರಿಯೇ ವಾಸಿ. ಬ್ಯಾಟರಿ ವೈರ್ ಕಳಚಿ, ನಯವಾದ ಎಮರಿ ಪೇಪರಿನಲ್ಲಿ ಮೆಲ್ಲಗೆ ಉಜ್ಜಿ, ಸಡಿಲಾದ ಪಟ್ಟಿಯನ್ನು ಚೂರೇ ಚೂರು ಬಗ್ಗಿಸಿದರೆ ಎಷ್ಟೋ ಸಲ ಅಷ್ಟೇ ಸಾಕು. ಜಾಸ್ತಿ ಬಗ್ಗಿಸಿದಿರೋ, ಮುರಿದೇ ಹೋಗುತ್ತದೆ. ಖರ್ಚು ಹೆಚ್ಚಾಗಿ ಕೂಲಿಯದ್ದೇ. ಕಂಪನಿ ಪಾರ್ಟ್ ಗಾಡಿಯಲ್ಲೇ ಉಳಿಯುತ್ತದೆ, ಅಳತೆ ಕೂರುತ್ತೋ ಇಲ್ಲವೋ ಅನ್ನೋ ತಲೆನೋವೂ ಇಲ್ಲ.

ತಿರುವು ಮುಗಿದರೂ ಇಂಡಿಕೇಟರ್ ಕಡ್ಡಿ ತಾನಾಗಿ ವಾಪಸ್ ಬರುತ್ತಿಲ್ಲವಾ? ಅದನ್ನು ತಳ್ಳುವ ಹಲ್ಲು ಮುರಿದಿದ್ದರೆ ಅಂಟು ಹಾಕಿಸೋದು ಸುಮ್ನೆ ದಂಡ, ಹೊಸದೇ ತನ್ನಿ. ಬೆಂಗಳೂರಿನವರಾದರೆ ಗಾಡಿ ಬಿಡಿಭಾಗದ ಅಂಗಡಿಗಳಿರುವ ಜೆ.ಸಿ. ರಸ್ತೆಗೆ ಹಳೇ ಸ್ವಿಚ್ಚನ್ನೂ ಒಯ್ದು ಪಕ್ಕಪಕ್ಕ ಇಟ್ಟು ನೋಡಿ. ವೈರ್ ಬಣ್ಣ ಒಂದೇ ಇದೆ ಅಂದಮಾತ್ರಕ್ಕೆ ಸ್ವಿಚ್ಚೂ ಅದೇ ಅಂತ ನಂಬಬೇಡಿ. ಹೆಚ್ಚಿನ ಪದ್ಮಿನಿಗಳಲ್ಲಿ ಗೇರ್ ಲಿವರ್ ಕೂಡ ಅದೇ ಸ್ಟೇರಿಂಗ್ ಕಂಬದ (ಕಾಲಂ) ಮೇಲಿದೆ, ಮತ್ತೆ ಮತ್ತೆ ಬಿಚ್ಚೋದು ಯಾರಿಗೆ ಬೇಕು?

ಕಾಲಂ ಬುಶ್ ಸವೆದು ಸ್ಟೇರಿಂಗ್ ಅಲ್ಲಾಡುತ್ತಿದ್ದರೆ ಮಾತ್ರ ಈ ಲೆಕ್ಕಾಚಾರವೇ ಬೇಡ. ಮೊದಲು ಆ ಬುಶ್ಶನ್ನೇ ಬದಲಿಸಿಬಿಡಿ.