ಹೈಫಾದ ಬಹಾಯಿ ತೋಟ: ಮೊದಲು ಮಂದಿರ, ಆಮೇಲೆ ಮೆಟ್ಟಿಲು

ಬೆಂಗಳೂರಿನಿಂದ ಇಸ್ರೇಲ್ ಪ್ರವಾಸಕ್ಕೆ ಹೋಗುವವರು ಹೈಫಾದಲ್ಲಿ ಎಡವುವುದು ಗಡಿಯಾರದ ಲೆಕ್ಕದಲ್ಲಿ. ಬಹಾಯಿ ಧರ್ಮಕ್ಕೆ ದಾರಿ ಮಾಡಿಕೊಟ್ಟ, 19ನೇ ಶತಮಾನದ ಇರಾನಿನ ಧರ್ಮಗುರು ಬಾಬ್ ಅವರ ಸಮಾಧಿ ಮಂದಿರ, ಅದರ ಸುತ್ತಲಿನ ಒಳತೋಟ ತೆರೆದಿರುವುದು ಬೆಳಿಗ್ಗೆ 9ರಿಂದ 12ರವರೆಗೆ ಮಾತ್ರ. ಉಚಿತ ಇಂಗ್ಲಿಷ್ ಟೂರ್ ಹೊರಡುವುದೂ ಸಾಮಾನ್ಯವಾಗಿ 12ಕ್ಕೇ. ಟೂರ್ ಮುಗಿಸಿ ಮಂದಿರಕ್ಕೆ ಹೋದರೆ ಬಾಗಿಲು ಹಾಕಿರುತ್ತದೆ. ಹಾಗಾಗಿ ಮೊದಲು ಹಟ್ಸಿಯೊನೂತ್ ರಸ್ತೆಯ ಗೇಟಿನಿಂದ ಮಂದಿರ ನೋಡಿ, ಆಮೇಲೆ ಟ್ಯಾಕ್ಸಿ ಹಿಡಿದು ಗುಡ್ಡದ ತುದಿಯ ಯೆಫೆ ನೋಫ್ ರಸ್ತೆಗೆ ಹೋಗಿ, ಹನ್ನೊಂದೂವರೆಗೆ ಸಾಲಿನಲ್ಲಿ ನಿಲ್ಲಿ. ಬುಧವಾರ ಟೂರ್ ಇರುವುದಿಲ್ಲ, ಬಹಾಯಿ ಪವಿತ್ರ ದಿನಗಳಂದು ತೋಟವೇ ಮುಚ್ಚಿರುತ್ತದೆ. ಹೊರಡುವ ಮುನ್ನ ಅವರ ವೆಬ್‌ಸೈಟ್ ನೋಡಿಕೊಳ್ಳಿ.

ಟೂರ್ ಮೇಲಿನಿಂದ ಕೆಳಕ್ಕೆ, ಸುಮಾರು 700 ಮೆಟ್ಟಿಲು, ಮುಕ್ಕಾಲು ಗಂಟೆ. ಚಾಮುಂಡಿ ಬೆಟ್ಟ ಹತ್ತಿ ಅಭ್ಯಾಸವಿದ್ದವರಿಗೂ ಇಲ್ಲಿ ಪೆಟ್ಟು ಬೀಳುವುದು ಮಂಡಿಗೆ, ಏಕೆಂದರೆ ಇದು ಪೂರಾ ಇಳಿತ. ನವೆಂಬರಿನಿಂದ ಫೆಬ್ರವರಿವರೆಗಿನ ಮಳೆಯಲ್ಲಿ ಕಲ್ಲು ಜಾರುತ್ತದೆ, ಹಿಡಿತವಿರುವ ಶೂ ಬೇಕೇ ಬೇಕು. ನೀರು ಒಯ್ಯಬಹುದು, ತಿಂಡಿ, ಚೂಯಿಂಗ್ ಗಮ್ ಕೂಡದು. ಭುಜ, ಮಂಡಿ ಮುಚ್ಚುವ ಬಟ್ಟೆ ಹಾಕಿಕೊಂಡು ಹೋಗಿ. ಮಂದಿರದೊಳಗೆ ಚಪ್ಪಲಿ ಬಿಚ್ಚಬೇಕು, ಫೋಟೋ ಇಲ್ಲ, ಮಾತೂ ಇಲ್ಲ. ಪೂಜಾರಿ, ಮಂಗಳಾರತಿ ಹುಡುಕಬೇಡಿ. ಹುಂಡಿಯೂ ಇಲ್ಲ: ಬಹಾಯಿ ಅಲ್ಲದವರಿಂದ ಅವರು ಕಾಣಿಕೆ ತೆಗೆದುಕೊಳ್ಳುವುದಿಲ್ಲ.

ತೋಟದ ವಿನ್ಯಾಸ ಫರಿಬೋರ್ಜ್ ಸಹಬಾ ಅವರದು, ದೆಹಲಿಯ ಕಮಲ ಮಂದಿರ ಕಟ್ಟಿದವರೇ. 2001ರಲ್ಲಿ ತೆರೆದ ಈ ತೋಟ 2008ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು. ಗುಡ್ಡದ ಇಳಿಜಾರಿನಲ್ಲಿ ಮಂದಿರಕ್ಕಿಂತ ಮೇಲೆ 9, ಕೆಳಗೆ 9 ತೋಟದ ಹಂತ. ಬಾಬ್ ಅವರ ಮೊದಲ 18 ಶಿಷ್ಯರ ನೆನಪಿಗೆ. ಎಲ್ಲ ಹಂತಗಳೂ ಮಂದಿರವನ್ನೇ ನಡುವಾಗಿಟ್ಟುಕೊಂಡ ವೃತ್ತಗಳಂತೆ ಬಾಗಿವೆ. ಮೆಟ್ಟಿಲ ಎರಡೂ ಬದಿಯ ಸಣ್ಣ ಕಾಲುವೆಯಲ್ಲಿ ನೀರು ಧುಮುಕುತ್ತಾ ಇಳಿಯುತ್ತದೆ. ಅದರ ಸದ್ದಿಗೆ ಊರಿನ ಟ್ರಾಫಿಕ್ ಕಿವಿಗೇ ಬೀಳುವುದಿಲ್ಲ, ಅದನ್ನು ಮಾಡಿರುವುದೂ ಅದಕ್ಕೇ. ಅದೇ ನೀರು ಮತ್ತೆ ಮತ್ತೆ ಸುತ್ತುತ್ತದೆ. ನಡುವೆ ಕತ್ತರಿಸಿದ ಹುಲ್ಲು, ಹೂವಿನ ಪಾತಿ. ಅಂಚಿಗೆ ಹೋದಂತೆ ಕಡಿಮೆ ನೀರಿನ ಗಿಡ, ಕೊನೆಗೆ ಕಾಡು. ಲಾಲ್‌ಬಾಗ್ ನೋಡಿಕೊಳ್ಳುವವರು ಒಮ್ಮೆ ಬಂದು ನೋಡಬೇಕಾದ ಏರ್ಪಾಡು.

ಟೂರ್ ಸಿಗದಿದ್ದರೂ ಪೂರ್ತಿ ನಷ್ಟವಿಲ್ಲ: ತುದಿಯ ಕಟ್ಟೆಯಿಂದ ಚಿನ್ನದ ಬಣ್ಣದ ಗುಮ್ಮಟ, ಬಂದರು, ಕೊಲ್ಲಿ ಒಟ್ಟಿಗೇ ಕಾಣುತ್ತವೆ. ಶುಕ್ರವಾರ ಮಧ್ಯಾಹ್ನದಿಂದ ಶನಿವಾರ ಸಂಜೆವರೆಗೆ ರೈಲು ಓಡುವುದಿಲ್ಲ, ಟೆಲ್ ಅವೀವ್‌ನಿಂದ ಬರುವವರು ಬುಧವಾರ ಬಿಟ್ಟು ವಾರದ ನಡುವೆ ಇಟ್ಟುಕೊಳ್ಳಿ.