ಜಡ್ಜ್ ಚೇಂಬರಿನಲ್ಲಿ ಎಕ್ಸ್‌ಟರ್ನ್‌ಶಿಪ್: ಫೀಸು ಕಟ್ಟಿ ಕೆಲಸ ಮಾಡುವುದು ಲಾಭವೇ?

ಅಮೆರಿಕದಲ್ಲಿ ಲಾ ಓದಲು ಬರುವ ನಮ್ಮವರು ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ ಇದು: ಜಡ್ಜ್ ಹತ್ತಿರ ಎಕ್ಸ್‌ಟರ್ನ್‌ಶಿಪ್ ಮಾಡಿದ್ರಲ್ಲ, ಅಷ್ಟೊಂದು ಒದ್ದಾಡಿ ಅರ್ಜಿ ಹಾಕಬೇಕಾ? (ಎಕ್ಸ್‌ಟರ್ನ್‌ಶಿಪ್ ಅಂದರೆ ಲಾ ಓದುತ್ತಲೇ, ಸಂಬಳವಿಲ್ಲದೆ, ಕ್ರೆಡಿಟ್‌ಗಾಗಿ ಜಡ್ಜ್ ಕೈಕೆಳಗೆ ಮಾಡುವ ಕೆಲಸ.) ಹಾಕಿ. ಕೋರ್ಟಿನಲ್ಲಿ ವಾದ ಮಾಡುವ ಆಸೆ ಇದ್ದರೆ ಖಂಡಿತ ಹಾಕಿ. ಆದರೆ ದುಡ್ಡಿನ ಲೆಕ್ಕ ನೋಡಿಕೊಂಡು ಹಾಕಿ.

ನಾನು ಇದ್ದದ್ದು ಶಿಕಾಗೊದ ಫೆಡರಲ್ ಕೋರ್ಟಿನಲ್ಲಿ, ಮ್ಯಾಜಿಸ್ಟ್ರೇಟ್ ಜಡ್ಜ್ ಒಬ್ಬರ ಚೇಂಬರಿನಲ್ಲಿ. ಡಿಯರ್‌ಬಾರ್ನ್ ರಸ್ತೆಯ ಡರ್ಕ್ಸನ್ ಕಟ್ಟಡ, ಕಪ್ಪು ಉಕ್ಕು ಮತ್ತು ಗಾಜಿನದು, ವಾಸ್ತುಶಿಲ್ಪಿ ಮೀಸ್ ವಾನ್ ಡರ್ ರೋ ವಿನ್ಯಾಸ. ಎದುರಿನ ಪ್ಲಾಜಾದಲ್ಲಿ ಶಿಲ್ಪಿ ಕಾಲ್ಡರ್ ಮಾಡಿದ, ಫ್ಲೆಮಿಂಗೊ ಅನ್ನುವ ದೊಡ್ಡ ಕೆಂಪು ಶಿಲ್ಪ. ಮ್ಯಾಜಿಸ್ಟ್ರೇಟ್ ಅಂದ ತಕ್ಷಣ ನಮ್ಮ ಜೆಎಂಎಫ್‌ಸಿ ಕೋರ್ಟ್ ನೆನಪಿಗೆ ಬರುತ್ತದೆ ಅಲ್ವಾ, ಇದು ಬೇರೆ. ಇದೇ ಫೆಡರಲ್ ಕೋರ್ಟಿನ ಡಿಸ್ಟ್ರಿಕ್ಟ್ ಜಡ್ಜ್‌ಗೆ ಆಜೀವ ನೇಮಕ, ಮ್ಯಾಜಿಸ್ಟ್ರೇಟ್ ಜಡ್ಜ್‌ಗೆ 8 ವರ್ಷದ ಅವಧಿ. ಸಿವಿಲ್ ಕೇಸುಗಳಲ್ಲಿ ದಾಖಲೆ ಕೊಡುವ ಜಗಳ, ರಾಜಿ ಮಾತುಕತೆ ಹೆಚ್ಚಾಗಿ ಬರುವುದು ಇವರ ಮುಂದೆಯೇ. ಎರಡೂ ಕಡೆಯವರು ಒಪ್ಪಿದರೆ ಇಡೀ ಕೇಸನ್ನೂ ಇವರೇ ನಡೆಸಬಹುದು. ಎಲ್ಲರೂ ಡಿಸ್ಟ್ರಿಕ್ಟ್ ಜಡ್ಜ್‌ಗಳಿಗೇ ಅರ್ಜಿ ಕಳಿಸುತ್ತಾರೆ. ನೀವು ಮ್ಯಾಜಿಸ್ಟ್ರೇಟ್ ಜಡ್ಜ್‌ಗಳಿಗೂ ಬ್ಯಾಂಕ್ರಪ್ಸಿ (ದಿವಾಳಿ ಕೇಸಿನ) ಜಡ್ಜ್‌ಗಳಿಗೂ ಕಳಿಸಿ. ವಕೀಲರು ಮೇಜಿನ ಸುತ್ತ ಕೂತು ಹೇಗೆ ಚೌಕಾಸಿ ಮಾಡುತ್ತಾರೆ ಅನ್ನುವುದನ್ನು ನಾನು ನೋಡಿದ್ದು ಮ್ಯಾಜಿಸ್ಟ್ರೇಟ್ ಜಡ್ಜ್ ಚೇಂಬರಿನಲ್ಲೇ.

ಅರ್ಜಿಗೆ ಬೇಕಾದದ್ದು ರೆಸ್ಯೂಮೆ, ಒಂದು ಪುಟದ ಪತ್ರ, ಮಾರ್ಕ್ಸ್ ಕಾರ್ಡ್, ಬರವಣಿಗೆಯ ಮಾದರಿ. ಫೆಡರಲ್ ಕೋರ್ಟುಗಳಿಗೆ ಅರ್ಜಿ ಹಾಕಲು ಆಸ್ಕರ್ ಅನ್ನುವ ವೆಬ್‌ಸೈಟ್ ಇದೆ, ಆದರೆ ಎಲ್ಲ ಜಡ್ಜ್‌ಗಳೂ ತಮ್ಮಲ್ಲಿ ಜಾಗ ಇದೆ ಅಂತ ಅಲ್ಲಿ ಹಾಕುವುದಿಲ್ಲ. ಕೋರ್ಟಿನ ವೆಬ್‌ಸೈಟಿನಲ್ಲಿ ಒಬ್ಬೊಬ್ಬ ಜಡ್ಜ್ ಪುಟವನ್ನೂ ತೆರೆದು ಓದಬೇಕು. ಕೆಲವರಿಗೆ ಇಮೇಲ್ ಸಾಕು, ಕೆಲವರಿಗೆ ಕಾಗದದಲ್ಲೇ ಬೇಕು.

ಪತ್ರದ ಮೇಲೆ ಜಾಸ್ತಿ ಸಮಯ ಹಾಕಬೇಡಿ. ಬರವಣಿಗೆಯ ಮಾದರಿಯ ಮೇಲೆ ಹಾಕಿ. ನಾನು ಕಳಿಸಿದ್ದು ಮೊದಲ ವರ್ಷದ ಕ್ಲಾಸಿನಲ್ಲಿ ಬರೆದ ಮೆಮೊ, ಅಂದರೆ ಒಂದು ಕಾನೂನು ಪ್ರಶ್ನೆಯ ವಿಶ್ಲೇಷಣೆ. ಇಂಟರ್‌ವ್ಯೂನಲ್ಲಿ ಜಡ್ಜ್ ಅದರ ಪ್ರಿಂಟ್ ಮುಂದಿಟ್ಟುಕೊಂಡು ಕೂತಿದ್ದರು. ನನ್ನ ವಾದಕ್ಕೆ ವಿರುದ್ಧವಾದ ಒಂದು ತೀರ್ಪಿನ ಮೇಲೆ ಬೆರಳಿಟ್ಟು, "ಇದನ್ನು ಯಾಕೆ ಸೇರಿಸಿದೆ, ಬಿಟ್ಟಿದ್ದರೆ ಸುಲಭವಾಗುತ್ತಿತ್ತಲ್ಲ?" ಅಂದರು. ಎದುರು ಪಕ್ಷದ ವಕೀಲರು ತಂದೇ ತರುತ್ತಾರೆ, ಅದಕ್ಕೆ ಮೊದಲೇ ಉತ್ತರ ಕೊಟ್ಟೆ ಅಂದೆ. ಆಮೇಲಿನ ಮಾತೆಲ್ಲ ಆ ಪುಟದ ಸುತ್ತಲೇ ನಡೆಯಿತು. ಹಾಗಾಗಿ ನಿಮಗೆ ವಿರುದ್ಧವಾದ ತೀರ್ಪನ್ನು ಎದುರಿಸಿದ ಬರಹವಿದ್ದರೆ ಅದನ್ನೇ ಕಳಿಸಿ. ಇನ್ನೊಂದು, ಜಡ್ಜ್ ಬಾ ಅಂದರೆ ಯೋಚಿಸಿ ಹೇಳುತ್ತೇನೆ ಅನ್ನುವ ರೂಢಿ ಇಲ್ಲಿಲ್ಲ. ಹೋಗಲು ಮನಸ್ಸಿಲ್ಲದ ಚೇಂಬರಿಗೆ ಅರ್ಜಿಯನ್ನೇ ಹಾಕಬೇಡಿ.

ಊರಲ್ಲಿ ಐದು ವರ್ಷದ ಲಾ ಓದುವಾಗ ಬಾರ್ ಕೌನ್ಸಿಲ್ ಹೇಳಿದ 20 ವಾರದ ಇಂಟರ್ನ್‌ಶಿಪ್ ಮುಗಿಸಿದ್ದೆ. ಸೀನಿಯರ್ ಜೊತೆ ಒಂದು ಹಾಲಿನಿಂದ ಇನ್ನೊಂದು ಹಾಲಿಗೆ ಓಡಾಟ, ಮುಂದಿನ ಡೇಟ್ ಬರೆದುಕೊಳ್ಳುವುದು, ಕೊನೆಗೆ ಡೈರಿ. ಕೋರ್ಟಿನ ಭಯ ಹೋಗಿದ್ದು ಅಲ್ಲೇ. ಆದರೆ ನಾನು ಬರೆದ ಒಂದು ವಾಕ್ಯವನ್ನೂ ಯಾರೂ ಕೂತು ತಿದ್ದಿರಲಿಲ್ಲ. ಇಲ್ಲಿ ಕೈಗೆ ಬಂದದ್ದು ಸೋಷಿಯಲ್ ಸೆಕ್ಯುರಿಟಿ (ಇಲ್ಲಿನ ಸರ್ಕಾರಿ ಸಾಮಾಜಿಕ ಭದ್ರತೆ) ಕೊಡುವ ಅಂಗವೈಕಲ್ಯ ಭತ್ಯೆಯ ಅಪೀಲು. ಯಾರದ್ದು, ಏನಾಯಿತು ಅಂತ ಬರೆಯುವ ಹಾಗಿಲ್ಲ, ಚೇಂಬರಿನ ಮಾತು ಹೊರಗೆ ಬರಬಾರದು. ಭತ್ಯೆ ನಿರಾಕರಿಸುವ ಅಧಿಕಾರಿ ಸಾಕ್ಷ್ಯದಿಂದ ತೀರ್ಮಾನಕ್ಕೆ ತರ್ಕದ ಸೇತುವೆ ಕಟ್ಟಿರಬೇಕು ಅಂತ ನಮ್ಮ ಕೋರ್ಟಿನ ಮೇಲಿನ ಸೆವೆಂತ್ ಸರ್ಕ್ಯೂಟ್ ಮೇಲ್ಮನವಿ ಕೋರ್ಟ್ ಎಷ್ಟೋ ತೀರ್ಪುಗಳಲ್ಲಿ ಹೇಳಿದೆ. ಆ ಸೇತುವೆ ಇದೆಯಾ ಅಂತ ಡಾಕ್ಟರ ಚೀಟಿಗಳ ದಪ್ಪ ಕಡತದಲ್ಲಿ ಹುಡುಕುವುದು ನನ್ನ ಕೆಲಸ. ನನ್ನ ಡ್ರಾಫ್ಟಿನಲ್ಲಿ "ಅರ್ಜಿದಾರರಿಗೆ ತೀವ್ರ ನೋವಿತ್ತು" ಅಂತ ಬರೆದಿದ್ದೆ. ಲಾ ಕ್ಲರ್ಕ್ (ಜಡ್ಜ್‌ಗೆ ಸಹಾಯ ಮಾಡುವ, ಲಾ ಮುಗಿಸಿದವರು) ಪಕ್ಕದ ಅಂಚಿನಲ್ಲಿ ಬರೆದು ಕೇಳಿದ್ದರು: "ಯಾರು ಹೇಳಿದ್ದು? ಯಾವ ಪುಟ? ಡಾಕ್ಟರ ಮಾತಾ, ಅವರದೇ ಮಾತಾ?" ಈಗಲೂ ಏನು ಬರೆದರೂ ಆ ಮೂರು ಪ್ರಶ್ನೆ ಕೇಳಿಕೊಳ್ಳುತ್ತೇನೆ. ನಾನು ಕಟ್ಟಿದ ದುಡ್ಡಿಗೆ ಸಿಕ್ಕಿದ್ದು ಈ ತಿದ್ದುಪಡಿ, ಮತ್ತು ಅದು ಆ ಬೆಲೆ ಬಾಳುತ್ತದೆ.

ಇದರ ಜೊತೆಗೆ ಲಾ ಸ್ಕೂಲು ನಡೆಸುವ ಸೆಮಿನಾರ್ ಮಾತ್ರ ಸಪ್ಪೆ. ಪ್ರತಿ ವಾರ ಏನು ಕಲಿತೆ ಅಂತ ಬರೆಯಬೇಕು, ಅದನ್ನು ಓದಿ ಯಾರೂ ಒಂದು ಮಾತು ಹೇಳುವುದಿಲ್ಲ.

ಈಗ ದುಡ್ಡು. ಸಂಬಳ ಇಲ್ಲ, ಸಿಗುವುದು ಡಿಗ್ರಿಗೆ ಲೆಕ್ಕವಾಗುವ ಕ್ರೆಡಿಟ್. ಒಂದು ಕ್ರೆಡಿಟ್‌ಗೆ ಸುಮಾರು 42.5 ಗಂಟೆ ಕೆಲಸ, 4 ಕ್ರೆಡಿಟ್ ಅಂದರೆ 170 ಗಂಟೆ. ಆ ಕ್ರೆಡಿಟ್‌ಗೆ ಫೀಸು ಕಟ್ಟುವವರು ನಾವೇ. ಸಾಲ ಮಾಡಿ ಓದುವವರಿಗೆ ಇದು ಅನ್ಯಾಯ ಅಂತ ನನಗೆ ಅನ್ನಿಸುತ್ತದೆ, ಸ್ಕೂಲಿನ ಸಮೀಕ್ಷೆಯಲ್ಲೂ ಹಾಗೇ ಬರೆದೆ. ಸೆಮಿಸ್ಟರ್ ನಡೆಯುವಾಗ ಮಾಡಿದರೆ ವಾಸಿ. ಎಷ್ಟೋ ಕಡೆ ಫುಲ್ ಟೈಮ್ ವಿದ್ಯಾರ್ಥಿಗೆ ಒಂದೇ ಫೀಸು, ಈ ಕ್ರೆಡಿಟ್ ಅದರೊಳಗೇ ಬರುತ್ತದೆ. ಬೇಸಿಗೆಯಲ್ಲಾದರೆ ಪ್ರತಿ ಕ್ರೆಡಿಟ್‌ಗೂ ಬೇರೆ ಕಟ್ಟಬೇಕಾಗಬಹುದು. ಇಲ್ಲಿನ ಪೌರರಾದ ಗೆಳೆಯರು ಬೇಸಿಗೆಯಲ್ಲಿ ಕ್ರೆಡಿಟ್ ಇಲ್ಲದೆ ಸುಮ್ನೆ ವಾಲಂಟಿಯರ್ ಆಗಿ ಹೋದರು. ಎಫ್-1 (ವಿದ್ಯಾರ್ಥಿ) ವೀಸಾದಲ್ಲಿದ್ದ ನನಗೆ ಸಿಪಿಟಿ, ಅಂದರೆ ಓದಿನ ಭಾಗವಾಗಿ ಕೆಲಸ ಮಾಡುವ ಅನುಮತಿ ಬೇಕೇ ಬೇಕು ಅಂದರು ಸ್ಕೂಲಿನವರು. ಅದು ಸಾಮಾನ್ಯವಾಗಿ ಒಂದು ಶೈಕ್ಷಣಿಕ ವರ್ಷ ಮುಗಿದ ಮೇಲೇ ಸಿಗುವುದು. ಒಂದೇ ವರ್ಷದ ಎಲ್‌ಎಲ್‌ಎಂಗೆ ಬಂದವರಿಗೆ ಇಲ್ಲೇ ತೊಡಕು. ನನ್ನ ಫೈಲು ಸ್ಕೂಲಿನ ಆಫೀಸಿನಲ್ಲಿ ಕೂತೇ ಇತ್ತು, ಮೇಲಿಂದ ಮೇಲೆ ಹೋಗಿ ಕೇಳಿದ ಮೇಲೆ ಕದಲಿತು. ಜಡ್ಜ್ ಕಡೆಯಿಂದ ಹೂಂ ಅಂತ ಬಂದ ದಿನವೇ ಸಿಪಿಟಿ ಅರ್ಜಿ ಕೊಟ್ಟುಬಿಡಿ.