ಚಿಪ್ಪೊಡೆದ ಬಸವನಹುಳುವಿನ ಆರೈಕೆ: ಯಾವುದು ಮೇಲು?

ಬಸವನಹುಳುವಿನ ಚಿಪ್ಪು ಎಲ್ಲಿ ಒಡೆದಿದೆ ಎಂಬುದನ್ನು ನೋಡಿಕೊಳ್ಳದೆ ಯಾವ ಉಪಚಾರಕ್ಕೂ ಕೈಹಾಕಬಾರದು. ಬಾಯಂಚಿನ ಚೂರು ಮುರಿದಿದ್ದರೆ ಅದು ಬಹುಮಟ್ಟಿಗೆ ತಾನಾಗಿಯೇ ಕೂಡಿಕೊಳ್ಳುತ್ತದೆ. ಏಕೆಂದರೆ ಚಿಪ್ಪನ್ನು ಕಟ್ಟುವ ಮ್ಯಾಂಟಲ್ ಎಂಬ ಮಾಂಸದ ಪದರದ ಅಂಚು ಅಲ್ಲಿಯೇ ಇರುತ್ತದೆ ಮತ್ತು ಚಿಪ್ಪು ಬೆಳೆಯುವುದೂ ಅಲ್ಲಿಂದಲೇ. ಸುರುಳಿಯ ಮೇಲ್ಭಾಗದಲ್ಲಿ ತೂತು ಬಿದ್ದಿದ್ದರೆ ವಾಸಿಯಾಗುವುದು ನಿಧಾನ. ಒಳಗಿನ ಅಂಗಗಳೇ ಹರಿದು ಹೊರಬಂದಿದ್ದರೆ ಆಸೆ ಇಟ್ಟುಕೊಳ್ಳುವಂತಿಲ್ಲ. ಚಿಕ್ಕಬಳ್ಳಾಪುರದ ನಮ್ಮ ಹಿತ್ತಿಲಿನಲ್ಲಿ ಮಳೆಗಾಲದ ರಾತ್ರಿಗಳಲ್ಲಿ ಕಾಲ್ತುಳಿತಕ್ಕೆ ಸಿಕ್ಕ ಹುಳುಗಳಿಗೆ ನಾನು ಮಾಡಿ ನೋಡಿದ ಉಪಚಾರಗಳ ಈ ಹೋಲಿಕೆ ಮುಖ್ಯವಾಗಿ ಎರಡನೆಯ ಬಗೆಯ ಗಾಯಕ್ಕೆ ಸಂಬಂಧಿಸಿದ್ದು.

ತೂತನ್ನು ಮುಚ್ಚಲು ಮೊದಲು ಔಷಧದಂಗಡಿಯ ಪೇಪರ್ ಟೇಪನ್ನು ಬಳಸಿದೆ. ಹುಳುವಿನ ಲೋಳೆ ಮತ್ತು ಡಬ್ಬಿಯ ತೇವ ಎರಡೂ ಸೇರಿ ಅದು ಬೆಳಗಾಗುವುದರೊಳಗೆ ಬಿಟ್ಟುಕೊಳ್ಳುತ್ತಿತ್ತು. ಹಸಿ ಕೋಳಿಮೊಟ್ಟೆಯ ಚಿಪ್ಪಿನ ಒಳಭಾಗದಿಂದ ಬಿಡಿಸಿದ ತೆಳುವಾದ ಬಿಳಿ ಪೊರೆ ಇದಕ್ಕಿಂತ ಎಷ್ಟೋ ಮೇಲು. ತೂತಿಗಿಂತ ತುಸು ದೊಡ್ಡದಾಗಿ ಕತ್ತರಿಸಿ, ಒದ್ದೆಯಿರುವಾಗಲೇ ಹೊದಿಸಿದರೆ, ಒಣಗುತ್ತಾ ತಾನೇ ಅಂಟಿಕೊಳ್ಳುತ್ತದೆ. ಒಳಗಿನ ತೇವ ಆರಿಹೋಗದಂತೆ ಕಾಯುತ್ತದೆ. ಪೊರೆ ಹಾಕುವ ಮುನ್ನ ಒಂದು ಹುಳುವಿನ ತೂತಿನಲ್ಲಿ ಅದರ ಹೃದಯ ಬಡಿಯುತ್ತಿರುವುದು ಬರಿಗಣ್ಣಿಗೇ ಕಾಣುತ್ತಿತ್ತು. ದಿನ ಕಳೆದಂತೆ ಒಳಗಿನಿಂದ ಪಾರದರ್ಶಕವಾದ ಹೊಸ ಪದರವೊಂದು ಹಬ್ಬಿ, ಕ್ರಮೇಣ ಮಬ್ಬು ಬಿಳಿಯಾಗಿ ಗಟ್ಟಿಯಾಯಿತು. ಹಳೆಯ ಚಿಪ್ಪಿನ ಕಂದು ಬಣ್ಣವಾಗಲಿ ಗೆರೆಗಳಾಗಲಿ ಆ ತೇಪೆಗೆ ಬರಲೇ ಇಲ್ಲ. ತಕ್ಷಣ ಅಂಟುವ ಗೋಂದನ್ನು ನಾನು ಬಳಸಿಲ್ಲ, ಬಳಸುವುದೂ ಇಲ್ಲ. ಒಂದು ಹನಿ ಮಾಂಸಕ್ಕೆ ತಗುಲಿದರೂ ಅನಾಹುತ.

ಚಿಪ್ಪು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್ ಆದುದರಿಂದ ಆಹಾರದಲ್ಲಿ ಅದು ಸಿಗಲೇಬೇಕು. ಸುಮಾರು 95 ಪ್ರತಿಶತ ಅದೇ ಇರುವ ಮೊಟ್ಟೆಚಿಪ್ಪನ್ನು ಕುದಿಸಿ, ಒಣಗಿಸಿ, ನುಣ್ಣಗೆ ಪುಡಿಮಾಡಿ ಸೌತೆಕಾಯಿಯ ಹೋಳಿನ ಮೇಲೆ ಉದುರಿಸಿದರೆ ಹುಳು ತಿನ್ನುತ್ತದೆ, ಆದರೆ ಪುಡಿ ತರಿತರಿಯಾಗಿದ್ದರೆ ಬಿಟ್ಟುಬಿಡುತ್ತದೆ. ಗಿಳಿಗಳ ಪಂಜರಕ್ಕೆ ಸಿಕ್ಕಿಸುವ ಕಟಲ್‌ಬೋನ್ (ಕಟಲ್‌ಫಿಶ್ ಎಂಬ ಕಡಲಜೀವಿಯ ಸುಣ್ಣದಂಶದ ಒಳಚಿಪ್ಪು) ಮೆತ್ತಗಿರುವುದರಿಂದ ಹುಳು ತಾನಾಗಿಯೇ ಅದರ ಮೇಲೇರಿ ಅರದಂತಹ ನಾಲಿಗೆಯಿಂದ ಕೆರೆಯುತ್ತದೆ. ಬೆಳಿಗ್ಗೆ ನೋಡಿದರೆ ಸಣ್ಣ ಸಣ್ಣ ಗೀರುಗಳು ಸಾಲುಸಾಲಾಗಿ ಮೂಡಿರುತ್ತವೆ. ತನಗೆ ಬೇಕಾದಷ್ಟನ್ನು ಹುಳುವೇ ತೆಗೆದುಕೊಳ್ಳುವ ಕಾರಣ, ದುಬಾರಿಯಾದರೂ ನನ್ನ ಮತ ಕಟಲ್‌ಬೋನಿಗೇ. ಸೀಮೆಸುಣ್ಣದ ಕಡ್ಡಿಗಳು ಎಷ್ಟೋ ಸಲ ಜಿಪ್ಸಂನಿಂದ ಮಾಡಿದವಾಗಿರುವುದರಿಂದ ಅವನ್ನು ನಂಬುವಂತಿಲ್ಲ. ಎಲೆಯಡಿಕೆಯ ಸುಣ್ಣವನ್ನಂತೂ ಹತ್ತಿರಕ್ಕೂ ತರಬಾರದು, ಅದು ಮೈಯನ್ನು ಸುಡುತ್ತದೆ.

ಹಾಸಿಗೆಗೆ ಮೊದಮೊದಲು ಒದ್ದೆ ಟಿಶ್ಯೂ ಪೇಪರ್ ಒಳ್ಳೆಯದು, ಗಾಯಕ್ಕೆ ಮಣ್ಣಿನ ಕಣ ಸೇರುವುದಿಲ್ಲ. ತೂತು ಮುಚ್ಚಿದ ಮೇಲೆ ತೇವದ ತೆಂಗಿನ ನಾರಿನ ಪುಡಿಗೆ ಬದಲಿಸಬಹುದು.

ಸೊಪ್ಪಿನ ವಿಷಯದಲ್ಲಿ ನಮ್ಮ ಜಿಲ್ಲೆಯವರು ವಿಶೇಷ ಎಚ್ಚರ ವಹಿಸಬೇಕು. ಸುಲಭವಾಗಿ ಸಿಗುತ್ತದೆಂದು ದ್ರಾಕ್ಷಿ ತೋಟದ ಎಲೆಯನ್ನು ಹಾಕಬಾರದು. ಬೂಜುರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದಲ್ಲಿ ತಾಮ್ರದ ಲವಣವಾದ ಮೈಲುತುತ್ತ ಇರುತ್ತದೆ, ತಾಮ್ರವು ಬಸವನಹುಳುವಿಗೆ ವಿಷ. ಅದರ ಬದಲು ರೇಷ್ಮೆಹುಳುವಿಗೆಂದು ಕಟಾವು ಮಾಡಿದ ಹಿಪ್ಪುನೇರಳೆ ಸೊಪ್ಪನ್ನು ಪರಿಚಯದ ರೈತರಿಂದ ಕೇಳಿ ತರುವುದು ಕ್ಷೇಮ. ಔಷಧಿಯ ಅಂಶ ಉಳಿದರೆ ಅವರ ಹುಳುಗಳೇ ಸಾಯುವುದರಿಂದ ಅವರು ಆ ಸೊಪ್ಪನ್ನು ಬಹಳ ಜೋಪಾನವಾಗಿ ಬೆಳೆಸುತ್ತಾರೆ.

ಇಷ್ಟೆಲ್ಲ ಆರೈಕೆ ನಮ್ಮ ನೆಲದ ಹುಳುಗಳಿಗೆ ಮಾತ್ರ. ಉದ್ದನೆಯ, ಮೊನಚು ತುದಿಯ ಆಫ್ರಿಕಾದ ದೈತ್ಯ ಬಸವನಹುಳುವನ್ನು ಉಪಚರಿಸಿ ಮತ್ತೆ ತೋಟಕ್ಕೆ ಬಿಟ್ಟರೆ ಬೆಳೆಗೆ ಹಾನಿ. ಯಾವ ಬಗೆಯ ಹುಳುವನ್ನೇ ಆಗಲಿ ಮುಟ್ಟಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಬೇಕು. ಮಿದುಳಿನ ಪೊರೆಗೆ ಉರಿಯೂತ ತರುವ ಇಲಿಯ ಶ್ವಾಸಕೋಶದ ಜಂತುವಿನ ಮರಿಗಳು ಅವುಗಳ ದೇಹದಲ್ಲಿ ಇರುವ ಸಾಧ್ಯತೆಯಿದೆ.